ಹಿಂದಿನ ಸೀಟಿನ ಗುಂಯ್ ಸದ್ದು: ಒಂದು ಪ್ರೊಟೊಟೈಪ್ ಕಾರಿನ ರಸ್ತೆ ಪರೀಕ್ಷೆ

ದೂರು ಇದ್ದದ್ದು ಇಷ್ಟೇ. ಗಂಟೆಗೆ 60ರಿಂದ 100 ಕಿ.ಮೀ. ವೇಗದಲ್ಲಿ, ಅದೂ ಕೆಲವು ರಸ್ತೆಗಳಲ್ಲಿ ಮಾತ್ರ, ಹಿಂದಿನ ಸೀಟಿನಲ್ಲಿ ಕೂತವರ ಕಿವಿಗೆ ಗುಂಯ್ ಎಂದು ತಗ್ಗಿದ ಸದ್ದು ಬರುತ್ತದೆ. ಖಾಲಿ ಕೊಡದ ಬಾಯಿಗೆ ಕಿವಿ ಇಟ್ಟರೆ ಕೇಳುತ್ತದಲ್ಲ, ಅಂಥದ್ದು. ಮುಂದಿನ ಸೀಟಿನವರಿಗೆ ಹೆಚ್ಚುಕಮ್ಮಿ ಕೇಳುವುದೇ ಇಲ್ಲ.

ಕಾರು ಇನ್ನೂ ಉತ್ಪಾದನೆಗೆ ಹೋಗದ ದೊಡ್ಡ ಎಲೆಕ್ಟ್ರಿಕ್ ಸೆಡಾನ್. ಆಕಾರ ತಿಳಿಯದಂತೆ ಮೈತುಂಬ ಕಪ್ಪು-ಬಿಳುಪು ಸುರುಳಿಗಳ ಸ್ಟಿಕ್ಕರ್, ಡ್ಯಾಶ್‌ಬೋರ್ಡಿನ ಮೇಲೆ ಕರಿ ಬಟ್ಟೆ. ತಯಾರಕರ ಹೆಸರು ಹೇಳುವಂತಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿರುವ ನಮ್ಮ ತಂಡಕ್ಕೆ ಒಪ್ಪಿಸಿದ್ದು ಸದ್ದು ಮತ್ತು ನಡುಕದ ಕೆಲಸ. ಬಿಡಿಭಾಗ ತಯಾರಿಸುವ ಅಚ್ಚುಗಳು ಅಂತಿಮವಾಗುವ ಮೊದಲು ಸದ್ದಿನ ಮೂಲ ಹಿಡಿದು ಪರಿಹಾರ ಹೇಳಬೇಕು. ಅಚ್ಚು ಕೊರೆದಾದ ಮೇಲೆ ಏನೇ ತಿದ್ದಿದರೂ ಅದು ತೇಪೆ.

ಇಂಥ ಕಾರಿಗೆ ದುಡ್ಡು ಕೊಡುವವರು ಕೂರುವುದು ಹಿಂದಿನ ಸೀಟಿನಲ್ಲಿ. ಆದ್ದರಿಂದ ಹಿಂದಿನ ಸೀಟಿನ ಸದ್ದನ್ನು ಸಣ್ಣ ದೂರು ಎಂದು ಬದಿಗಿಡಲಾಗದು. ಐಷಾರಾಮಿ ಕಾರಿನ ಚರಿತ್ರೆಯಲ್ಲಿ ಮೌನ ಮೊದಲಿಂದಲೂ ಮಾರಾಟದ ಸರಕು. 1907ರಲ್ಲಿ ರೋಲ್ಸ್ ರಾಯ್ಸ್ ತನ್ನ ಸಿಲ್ವರ್ ಘೋಸ್ಟ್ ಕಾರನ್ನು ಲಂಡನ್-ಗ್ಲಾಸ್ಗೋ ನಡುವೆ ಮತ್ತೆ ಮತ್ತೆ ಓಡಿಸಿ ಸುಮಾರು 15,000 ಮೈಲಿ ಪೂರೈಸಿ ತೋರಿಸಿತು. 1958ರ ಅದೇ ಕಂಪನಿಯ ಜಾಹೀರಾತು, 60 ಮೈಲಿ ವೇಗದಲ್ಲಿ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ಗಡಿಯಾರದ್ದು ಎಂದು ಸಾರಿತು. ಆ ಕಾಲದ ಕಾರಿನಲ್ಲಿ ಎಂಜಿನ್ ಎಷ್ಟೇ ಮೆತ್ತಗೆ ಓಡಿದರೂ ಒಂದಿಷ್ಟು ಸದ್ದು ಮಾಡುತ್ತಿತ್ತು, ಮಿಕ್ಕ ಸಣ್ಣಪುಟ್ಟ ಸದ್ದುಗಳು ಅದರ ಮರೆಯಲ್ಲಿ ಅಡಗುತ್ತಿದ್ದವು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಮರೆ ಇಲ್ಲ. ಟೈರು, ಗಾಳಿ, ಗೇರು ಎಲ್ಲವೂ ನೇರ ಕಿವಿಗೇ ಬರುತ್ತವೆ.

ಮೊದಲ ಕೆಲಸ ರಸ್ತೆ ಹುಡುಕುವುದು. ದೇಶದಲ್ಲಿ ಒಳ್ಳೆಯ ಪರೀಕ್ಷಾ ಟ್ರ್ಯಾಕುಗಳಿವೆ. ಇಂದೋರ್ ಹತ್ತಿರದ ಪೀಥಂಪುರದಲ್ಲಿ 2021ರಲ್ಲಿ ತೆರೆದ 11.3 ಕಿ.ಮೀ. ಉದ್ದದ ಹೈಸ್ಪೀಡ್ ಟ್ರ್ಯಾಕ್‌ನಲ್ಲಿ ಈ ಕಾರು ಮೊದಲೇ ಓಡಿಬಂದಿತ್ತು. ಅಲ್ಲಿ ಈ ಸದ್ದು ಬಂದಿರಲೇ ಇಲ್ಲ. ನುಣುಪಾದ ರಸ್ತೆ ಕಾರಿನ ಗುಟ್ಟು ಬಿಟ್ಟುಕೊಡುವುದಿಲ್ಲ. ನಮಗೂ ಅದೇ ಅನುಭವ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದಲ್ಲಿ, ಶ್ರೀರಂಗಪಟ್ಟಣ ಬೈಪಾಸ್ ದಾಟಿ ಮಂಡ್ಯ ಬೈಪಾಸ್‌ವರೆಗೆ ಮಿತಿಯೊಳಗಿನ ವೇಗದಲ್ಲಿ ಹೋದರೆ ಹಿಂದಿನ ಸೀಟು ಗಪ್‌ಚುಪ್. ಅಲ್ಲಿಂದ ಇಳಿದು ಪಾಂಡವಪುರದ ಕಡೆಯ ಹಳೆಯ ರಸ್ತೆ ಹಿಡಿದ ಕೂಡಲೇ ಗುಂಯ್ ಶುರು. ಡಾಂಬರು ಸವೆದು ಜಲ್ಲಿ ಮೇಲೆದ್ದಿರುವ ರಸ್ತೆ ಅದು. ಗುಂಡಿಯಿಲ್ಲ, ಹಂಪ್ ಇಲ್ಲ, ಮೇಲ್ಮೈ ಮಾತ್ರ ಒರಟು. ಹೊಸ ಟಾರ್ ಬೀಳುವ ಮುಂಚೆ ನಮ್ಮ ಕೆಲಸ ಮುಗಿಯಲಿ ಎಂದು ನಾನಂತೂ ಮನಸಾರೆ ಬೇಡಿಕೊಂಡೆ.

ನಾಲೆ ಏರಿಯ ಮೇಲೆ ಇನ್ನೂ ನೇರವಾದ, ಜನಸಂಚಾರ ಕಡಿಮೆಯಿರುವ ರಸ್ತೆಗಳಿವೆ. ಅವು ಬೇಡವೆಂದು ಮೊದಲೇ ತೀರ್ಮಾನಿಸಿದೆವು. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡದ್ದನ್ನು ಈ ಸೀಮೆಯವರು ಯಾರೂ ಮರೆತಿಲ್ಲ. ತಡೆಗೋಡೆಯಿಲ್ಲದ ಏರಿಯ ಮೇಲೆ, ಬ್ರೇಕ್ ತಂತ್ರಾಂಶ ಇನ್ನೂ ಅಂತಿಮವಾಗದ ಎರಡು ಟನ್ನಿಗೂ ಮೀರಿದ ಕಾರನ್ನು ಓಡಿಸುವ ಪ್ರಶ್ನೆಯೇ ಬರಲಿಲ್ಲ. ಸುಗ್ಗಿಯ ಹೊತ್ತಿನಲ್ಲಿ ಒಕ್ಕಣೆಗೆ ರಾಗಿ, ಹುರುಳಿ ಹರವಿದ ರಸ್ತೆಗಳನ್ನೂ ಬಿಟ್ಟೆವು. ರೈತರ ಫಸಲು ಒಂದು ಕಾರಣ. ಹುಲ್ಲು ಕಾರಿನಡಿ ಸುತ್ತಿಕೊಂಡರೆ ಬೆಂಕಿ ಹತ್ತುವ ಅಪಾಯ ಇನ್ನೊಂದು.

ಇನ್ನು ಉಪಕರಣ. ಹಿಂದಿನ ಎರಡೂ ಸೀಟುಗಳ ಹೆಡ್‌ರೆಸ್ಟಿಗೆ, ಕೂತವರ ಕಿವಿ ಬರುವ ಜಾಗದಲ್ಲಿ ಮೈಕ್. ನಾಲ್ಕೂ ಚಕ್ರಗಳನ್ನು ಹಿಡಿದಿರುವ ಲೋಹದ ತುಂಡಿನ (ನಕಲ್) ಮೇಲೆ ಮೂರು ದಿಕ್ಕಿನ ನಡುಕ ಅಳೆಯುವ ಅಕ್ಸೆಲೆರೋಮೀಟರ್. ಹಿಂದಿನ ಚಕ್ರಗಳ ಜೋಡಣೆಯನ್ನು ಹೊರುವ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಕಾರಿನ ಮೈಗೆ ಸೇರುವಲ್ಲಿ ನಡುಕ ತಡೆಯಲು ಕೂರಿಸಿದ ಪ್ರತಿ ರಬ್ಬರ್ ಬುಷ್‌ಗೂ ಮೇಲೊಂದು, ಕೆಳಗೊಂದು. ಬುಷ್‌ನ ಕೆಳಗೆ ಎಷ್ಟು ನಡುಕ ಬಂತು, ಮೇಲಕ್ಕೆ ಎಷ್ಟು ದಾಟಿತು ಎಂಬುದು ಈ ಜೋಡಿಯಿಂದ ತಿಳಿಯುತ್ತದೆ. ಅಂಟಿಸುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಅಂಟು ಪೂರ್ತಿ ಒಣಗುವವರೆಗೆ ಕೈಬಿಡಬಾರದು. ಸೆನ್ಸರ್ ಸಡಿಲವಾಗಿದ್ದರೆ ಅದೇ ಅಲುಗಾಡಿ, ಇಲ್ಲದ ನಡುಕವನ್ನು ತೋರಿಸುತ್ತದೆ. ವೈರುಗಳನ್ನು ಅಂಗೈಯಗಲಕ್ಕೊಂದು ಟೇಪ್ ಹಾಕಿ ಬಿಗಿದೆವು. ಓಡುವಾಗ ಏಸಿ ಬಂದ್, ಫ್ಯಾನ್ ಬಂದ್, ಕಿಟಕಿ ಬಂದ್. ಮಂಡ್ಯದ ಬಿಸಿಲಲ್ಲಿ ಅದು ಬೆವರಿಳಿಸುವ ಕೆಲಸವಾದ್ದರಿಂದ ಬೆಳಗಿನ ಜಾವವೇ ಹೊರಡುತ್ತಿದ್ದೆವು. ಕಬ್ಬಿನ ಟ್ರ್ಯಾಕ್ಟರುಗಳೂ ಅಷ್ಟು ಹೊತ್ತಿಗೆ ಕಡಿಮೆ.

ತಯಾರಕರ ಕಡೆಯಿಂದ ಬಂದ ಹಳೆಯ ವರದಿಯಲ್ಲಿ ಸದ್ದಿನ ಮಟ್ಟವನ್ನು ಡಿಬಿಎ ಲೆಕ್ಕದಲ್ಲಿ ಮಾತ್ರ ಕೊಟ್ಟಿದ್ದರು. ಆ ಅಂಕಿ ನೋಡಿದರೆ ಕಾರು ಬಹಳ ಶಾಂತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟೋ ಕಾರುಗಳ ವಿಮರ್ಶೆಯಲ್ಲಿ ಇದೊಂದೇ ಅಂಕಿಯನ್ನು ನೆಚ್ಚಿಕೊಳ್ಳುತ್ತಾರೆ. ಡಿಬಿಎ ಮಾಪನ ತಗ್ಗಿದ ಸದ್ದುಗಳನ್ನು ಬೇಕೆಂದೇ ಕಡಿಮೆ ಎಣಿಸುತ್ತದೆ. 200 ಹರ್ಟ್ಸ್ ಹತ್ತಿರದ, ಅಂದರೆ ಸೆಕೆಂಡಿಗೆ 200 ಸಲ ಕಂಪಿಸುವ ಸದ್ದಿನಿಂದ ಸುಮಾರು 11 ಡೆಸಿಬೆಲ್ ಕಳೆದುಬಿಡುತ್ತದೆ. ಸಣ್ಣ ಸದ್ದುಗಳಿಗೆ ನಮ್ಮ ಕಿವಿ ಸ್ಪಂದಿಸುವ ರೀತಿಗೆ ಹೊಂದಿಸಿದ ಲೆಕ್ಕ ಅದು, ತಪ್ಪೇನಲ್ಲ. ಆದರೆ ಒಂದೇ ಸ್ವರ ಬಿಡದೆ ಗುಂಯ್‌ಗುಟ್ಟುತ್ತಿದ್ದರೆ ಮನುಷ್ಯನಿಗೆ ಆಗುವ ಕಿರಿಕಿರಿ ಒಟ್ಟು ಮೊತ್ತದಲ್ಲಿ ಕಾಣುವುದಿಲ್ಲ. ಸದ್ದನ್ನು ಸ್ವರ ಸ್ವರವಾಗಿ ಬಿಡಿಸಿ ನೋಡಿದಾಗ ನಮ್ಮ ಪರದೆಯ ಮೇಲೆ 190 ಹರ್ಟ್ಸ್ ಆಸುಪಾಸಿನಲ್ಲಿ ಗುಡ್ಡವೊಂದು ಎದ್ದು ನಿಂತಿತ್ತು.

ಎಲ್ಲಿಂದ ಬರುತ್ತಿದೆ? ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಸದ್ದಿನ ಮೂಲ ಕೈಗೆ ಸಿಗುವವರೆಗೆ ಸದ್ದಡಗಿಸುವ ಪ್ಯಾಡನ್ನು ಒಂದು ಚೂರೂ ಅಂಟಿಸಬಾರದು. ತಯಾರಕರ ಕಡೆಯ ಒಬ್ಬ ಎಂಜಿನಿಯರು, ಹಿಂದಿನ ನೆಲಕ್ಕೂ ಚಕ್ರದ ಕಮಾನಿಗೂ ಡಾಂಬರು ಪ್ಯಾಡ್ ಇನ್ನೊಂದು ಪದರ ಹಾಕಿಬಿಡೋಣ ಎಂದು ಒತ್ತಾಯಿಸುತ್ತಿದ್ದರು. ಹಾಕಿದರೆ ಸದ್ದು ಒಂದಿಷ್ಟು ತಗ್ಗೀತು, ನಿಜ. ಕಾರು ಕಿಲೋಗಟ್ಟಲೆ ಭಾರವಾಗುತ್ತದೆ, ಬ್ಯಾಟರಿಯ ಓಟ ಕುಗ್ಗುತ್ತದೆ, ಸದ್ದಿನ ಬೇರು ಮಾತ್ರ ಹಾಗೇ ಉಳಿಯುತ್ತದೆ.

ಮೊದಲ ಜರಡಿ ನ್ಯೂಟ್ರಲ್. 90ಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ ಕಾರನ್ನು ಅದರ ಪಾಡಿಗೆ ಬಿಟ್ಟೆವು. ಮೋಟಾರಿನ ಮೇಲೆ ಭಾರವಿಲ್ಲದಿದ್ದರೂ ಗುಂಯ್ ಹಾಗೇ ಇತ್ತು. ಎರಡನೆಯ ಜರಡಿ ವೇಗ. ತಿರುಗುವ ಭಾಗದ ಸದ್ದಾದರೆ ವೇಗದ ಜೊತೆ ಸ್ವರ ಏರಬೇಕು. ನಮ್ಮ ಟೈರಿನ ಅಳತೆ 245/45 ಆರ್19. 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10.4 ಸುತ್ತು ತಿರುಗುತ್ತದೆ. ಗೇರ್ ಅನುಪಾತ 9 ಇರುವುದರಿಂದ ಮೋಟಾರು ಸುಮಾರು 93 ಸುತ್ತು. ಇವುಗಳ ಯಾವ ಗುಣಕವಾದರೂ ವೇಗ ಏರಿದಂತೆ ಓರೆಗೆರೆಯಾಗಿ ಮೇಲೇರಬೇಕು. ನಮ್ಮ ಗುಡ್ಡ ಜಾಗ ಬಿಟ್ಟು ಕದಲಲಿಲ್ಲ.

ಗೆರೆಗಳನ್ನು ದೊಡ್ಡದು ಮಾಡಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಅದು ಒಂದು ಗುಡ್ಡವಲ್ಲ, ಎರಡು. 60 ಕಿ.ಮೀ. ವೇಗದಲ್ಲಿ 186 ಮತ್ತು 202 ಹರ್ಟ್ಸ್ ಸುತ್ತ, 100ರಲ್ಲಿ 181 ಮತ್ತು 207ರ ಸುತ್ತ. ನಡುಬಿಂದು ಅಲ್ಲೇ ನಿಂತಿದೆ, ವೇಗ ಹೆಚ್ಚಿದಂತೆ ಎರಡೂ ಪರಸ್ಪರ ದೂರ ಸರಿಯುತ್ತಿವೆ. ಆ ಅಂತರ ಚಕ್ರ ಸೆಕೆಂಡಿಗೆ ತಿರುಗುವ ಸುತ್ತಿನ ಸರಿಯಾಗಿ ಇಮ್ಮಡಿ. ಇದನ್ನು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಸದ್ದು ಟೈರಿನ ರಬ್ಬರಿನದಲ್ಲ, ಒಳಗಿನ ಗಾಳಿಯದು.

ಟೈರಿನೊಳಗೆ ಬಳೆಯಾಕಾರದ ಗಾಳಿಯ ಕೊಳವೆಯಿದೆ. ರಿಮ್ಮಿನ ವ್ಯಾಸ 483 ಮಿ.ಮೀ., ಟೈರಿನ ಹೊರವ್ಯಾಸ ಸುಮಾರು 703. ಎರಡರ ಸರಾಸರಿ 593, ಅಂದರೆ ಗಾಳಿಯ ಬಳೆಯ ಸುತ್ತಳತೆ ಸುಮಾರು 1.86 ಮೀಟರ್. ಸದ್ದಿನ ಒಂದು ಅಲೆ ಈ ಬಳೆಯಲ್ಲಿ ಸರಿಯಾಗಿ ಕೂರುವ ಸ್ವರ, 27 ಡಿಗ್ರಿಯ ಗಾಳಿಯಲ್ಲಿ, ಸುಮಾರು 187 ಹರ್ಟ್ಸ್. ಓಡಿ ಬಿಸಿಯಾಗಿ 50 ಡಿಗ್ರಿಗೆ ಬಂದ ಗಾಳಿಯಲ್ಲಿ 194. ಜಲ್ಲಿ ಕಲ್ಲುಗಳು ಟೈರನ್ನು ತಟ್ಟಿದಾಗ ಈ ಗಾಳಿ ಮಿಡಿಯುತ್ತದೆ, ಆಕ್ಸಲ್ಲನ್ನು ಅಲುಗಿಸುತ್ತದೆ. ಚಕ್ರ ತಿರುಗುವಾಗ ಒಳಗಿನ ಗಾಳಿಯೂ ಜೊತೆಗೇ ತಿರುಗುವುದರಿಂದ ಚಕ್ರದ ದಿಕ್ಕಿಗೆ ಹೋಗುವ ಅಲೆ ಬೇಗ, ಎದುರು ದಿಕ್ಕಿನದು ನಿಧಾನ. ಒಂದು ಗುಡ್ಡ ಎರಡಾಗಿ ಸೀಳುವುದು ಹೀಗೆ. ಹಿಂದಿನ ದಾಖಲೆಗಳನ್ನು ತಿರುವಿ ನೋಡಿದರೆ ಇನ್ನೊಂದು ಸಾಕ್ಷಿ ಸಿಕ್ಕಿತು. ನಸುಕಿನಲ್ಲಿ ಹೊರಟಾಗ ನಡುಬಿಂದು ಕೆಳಗಿದೆ, ಟೈರು ಕಾದಂತೆ ಆರೇಳು ಹರ್ಟ್ಸ್ ಮೇಲಕ್ಕೆ ಬಂದಿದೆ.

ನಮ್ಮ ಡ್ರೈವರಣ್ಣ ಮಂಡ್ಯದ ಕಡೆಯವರು, ಟೈರಿನ ವಿಷಯದಲ್ಲಿ ಪಳಗಿದ ಕೈ. "ಗಾಳಿ ವಸಿ ಇಳ್ಸಿ ನೋಡಾನ ಸಾ, ಮೆತ್ತಗಾಯ್ತದೆ" ಎಂದರು. ಇಳಿಸಿದೆವು, ಏರಿಸಿಯೂ ನೋಡಿದೆವು. ಸದ್ದಿನ ಜೋರು ತುಸು ಬದಲಾಯಿತು, ಸ್ವರ ಬದಲಾಗಲಿಲ್ಲ. ಗಾಳಿಯಲ್ಲಿ ಸದ್ದು ಸಾಗುವ ವೇಗ ಒತ್ತಡವನ್ನು ಅವಲಂಬಿಸಿಲ್ಲ, ಉಷ್ಣತೆಯನ್ನು ಅವಲಂಬಿಸಿದೆ. ಹಾಗಾಗಿ ಇದೂ ನಮ್ಮ ಲೆಕ್ಕಕ್ಕೆ ಹೊಂದುವ ಮಾತೇ ಆಯಿತು. ನೈಟ್ರೋಜನ್ ತುಂಬಿದರೆ ಹೇಗೆ ಎಂದು ಕೇಳಿದವರೂ ಇದ್ದರು. ಗಾಳಿಯ ಮುಕ್ಕಾಲು ಪಾಲಿಗೂ ಹೆಚ್ಚು ನೈಟ್ರೋಜನ್ನೇ, ತೂಕ ಹೆಚ್ಚುಕಡಿಮೆ ಒಂದೇ. ಸ್ವರ ಬದಲಾಗುವುದಿಲ್ಲ.

ಸ್ವರ ಬದಲಾಗಬೇಕಾದರೆ ಹಗುರ ಅನಿಲ ಬೇಕು. ಟೈರಿಗೆ ಹೀಲಿಯಂ ತುಂಬುವುದು ಸದ್ದಿನ ಕೆಲಸ ಮಾಡುವವರಿಗೆ ಗೊತ್ತಿರುವ ಹಳೆಯ ಉಪಾಯ. ಹೀಲಿಯಂನಲ್ಲಿ ಸದ್ದಿನ ವೇಗ ಗಾಳಿಯದರ ಮೂರುಪಟ್ಟಿಗೆ ಹತ್ತಿರ. ಸದ್ದಿನ ಮೂಲ ಟೈರಿನ ಗಾಳಿಯೇ ಆಗಿದ್ದರೆ ಗುಡ್ಡ ಎದ್ದು ಬೇರೆ ಕಡೆಗೆ ಓಡಬೇಕು. ತಗಡೋ ಸಬ್‌ಫ್ರೇಮೋ ಆಗಿದ್ದರೆ ಅಲ್ಲೇ ನಿಲ್ಲಬೇಕು. ಬಲೂನ್ ಮಾರುವವರ ಹತ್ತಿರ ಗ್ಯಾಸ್ ತರಬಾರದು, ಇದನ್ನು ಒತ್ತಿ ಹೇಳುತ್ತೇನೆ. ಬಲೂನಿಗೆ ಎಷ್ಟೋ ಕಡೆ ಹೈಡ್ರೋಜನ್ ತುಂಬುತ್ತಾರೆ, ಅದು ಕಿಡಿ ತಾಗಿದರೆ ಸಿಡಿಯುವ ಅನಿಲ. ನಾವು ಕೈಗಾರಿಕಾ ಅನಿಲ ಮಾರುವವರಿಂದ ಬಿಲ್ಲು, ಪರೀಕ್ಷಾ ಚೀಟಿ ಸಮೇತ ಸಿಲಿಂಡರ್ ತಂದು ರೆಗ್ಯುಲೇಟರ್ ಹಾಕಿಸಿದೆವು.

ಟೈರ್ ಕೆಲಸಕ್ಕೆ ಬಂದಿದ್ದ ಯಜಮಾನರು ಸಿಲಿಂಡರ್ ನೋಡಿ, "ಬಲೂನ್ ಗ್ಯಾಸಾ ಸಾ? ಕಾರು ಮ್ಯಾಕ್ಕೆ ಎದ್ದೋದದು, ನೋಡ್ಕಳಿ" ಎಂದು ನಕ್ಕರು. ಕೆಲಸವನ್ನು ಮಾತ್ರ ಬಹಳ ಶ್ರದ್ಧೆಯಿಂದ ಮಾಡಿಕೊಟ್ಟರು. ಜಾಕಿ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿದ ಮೇಲೆಯೇ ವಾಲ್ವಿನ ಪಿನ್ ಬಿಚ್ಚಬೇಕು, ಇಲ್ಲದಿದ್ದರೆ ಕಾರಿನ ಭಾರಕ್ಕೆ ಟೈರಿನ ಅಂಚು ರಿಮ್ಮಿನಿಂದ ಬಿಟ್ಟುಕೊಳ್ಳುತ್ತದೆ. ಗೇಜು ಸೊನ್ನೆ ತೋರಿದಾಗಲೂ ಟೈರಿನೊಳಗೆ ವಾತಾವರಣದಷ್ಟೇ ಒತ್ತಡದ ಗಾಳಿ ಉಳಿದಿರುತ್ತದೆ. ಅದರ ಮೇಲೆ 35 ಪಿಎಸ್‌ಐ ಹೀಲಿಯಂ ತುಂಬಿದರೆ ಒಳಗಿನದು ಸುಮಾರು 70 ಪಾಲು ಹೀಲಿಯಂ, 30 ಪಾಲು ಗಾಳಿ. ಆ ಮಿಶ್ರಣಕ್ಕೆ ನಮ್ಮ ಲೆಕ್ಕ 310ರಿಂದ 325 ಹರ್ಟ್ಸ್. ಮತ್ತೊಮ್ಮೆ ಖಾಲಿ ಮಾಡಿ ತುಂಬಿದರೆ ಹೀಲಿಯಂ 90 ದಾಟುತ್ತದೆ, ಸ್ವರ 430ರ ಮೇಲಕ್ಕೆ ಹೋಗಬೇಕು. ಹೀಲಿಯಂ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರುವುದರಿಂದ ತುಂಬಿದ ಕೂಡಲೇ ಹೊರಟೆವು.

ಪಾಂಡವಪುರದ ಅದೇ ತುಂಡು, ಅದೇ 80. ನಾನು ಹಿಂದೆ ಎಡಗಡೆ ಕೂತಿದ್ದೆ. ಜಲ್ಲಿ ರಸ್ತೆಗೆ ಹತ್ತಿದ ಕೂಡಲೇ ಚಕ್ರದ ಕೆಳಗೆ ಸರಸರ ಎಂಬ ಒರಟು ಸದ್ದು ಬಂತು, ಗುಂಯ್ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ 190ರ ಜಾಗ ಬಯಲು, 320ರ ಹತ್ತಿರ ಸಣ್ಣ ದಿಬ್ಬ. ಎರಡನೆಯ ಸಲ ತುಂಬಿದಾಗ ಆ ದಿಬ್ಬವೂ 430ರ ಆಚೆಗೆ ಸರಿದು ರಸ್ತೆಯ ಸದ್ದಿನಲ್ಲಿ ಕರಗಿತು. ಡ್ರೈವರಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಸಿಕ್ತು ಅನ್ನಿ" ಎಂದರು. ಪ್ಯಾಡ್ ಅಂಟಿಸಬೇಕೆಂದಿದ್ದ ಎಂಜಿನಿಯರಿಗೆ ಎರಡೂ ನಕ್ಷೆ ಒಟ್ಟಿಗೆ ಕಳಿಸಿದೆವು. ಆಮೇಲೆ ಪ್ಯಾಡಿನ ಮಾತು ಬರಲಿಲ್ಲ.

ಮಾರಾಟದ ಕಾರಿಗೆ ಹೀಲಿಯಂ ಪರಿಹಾರವಲ್ಲ, ಸೋರಿಹೋಗುತ್ತದೆ. ಟೈರಿನ ಒಳಮೈಗೆ ಸ್ಪಂಜಿನ ಪಟ್ಟಿ ಅಂಟಿಸಿ ಆ ಅಲೆಯನ್ನು ಹೀರಿಸುವುದು ಗೊತ್ತಿರುವ ದಾರಿ, ದೊಡ್ಡ ಟೈರ್ ಕಂಪನಿಗಳು ಅಂಥ ಟೈರುಗಳನ್ನೇ ಮಾರುತ್ತವೆ. ಪ್ರೊಟೊಟೈಪಿನ ಟೈರಿಗೆ ಅದನ್ನು ನಾವೇ ಮಾಡಬೇಕಾಯಿತು. ಹೊಸ ಟೈರಿನ ಒಳಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಿದ ಸಿಲಿಕೋನಿನ ಜಿಡ್ಡಿರುತ್ತದೆ. ಬೆರಳಾಡಿಸಿದರೆ ಸೋಪು ಹಚ್ಚಿದಂತೆ ಜಾರುತ್ತದೆ. ಅದು ಹೋಗದೆ ಯಾವ ಅಂಟೂ ಹಿಡಿಯದು. ಒರಟಾಗಿ ಕೆರೆದರೆ ಗಾಳಿ ಹಿಡಿದಿಡುವ ತೆಳು ಪದರವೇ ಹಾಳು. ಟೈರ್ ಯಜಮಾನರು ಸಾಲ್ವೆಂಟ್ ಬಟ್ಟೆಯಿಂದ ಅಂಗುಲ ಅಂಗುಲವಾಗಿ ಒರೆಸಿ, ಪ್ರತಿ ಸಲ ಬೆರಳಿನಿಂದ ಪರೀಕ್ಷಿಸಿ, ಬೆರಳು ಕಚ್ಚಿ ನಿಂತ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದರು. ಪಾಲಿಯುರೇಥೇನ್ ಸ್ಪಂಜನ್ನು ಟ್ರೆಡ್ಡಿನ (ನೆಲಕ್ಕೆ ತಾಗುವ ಭಾಗದ) ಹಿಂಬದಿಗೆ ಸುತ್ತಲೂ ಅಂಟಿಸಿ, ಎರಡು ತುದಿಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟೆವು. ಟೈರು ನೆಲದಲ್ಲಿ ಚಪ್ಪಟೆಯಾಗುವಾಗ ತುದಿಗಳು ಒಂದಕ್ಕೊಂದು ಒತ್ತಿ ಕಿತ್ತುಬರಬಾರದಲ್ಲ.

ಮೊದಲು ಬಳಸಿದ ಅಂಟು ಬಿಸಿ ತಡೆಯಲಿಲ್ಲ. ದಶಪಥದಲ್ಲಿ ಒಂದೇ ವೇಗದಲ್ಲಿ ಓಡಿಸಿದ ಮೇಲೆ ಸ್ಟಿಯರಿಂಗ್ ಅದುರತೊಡಗಿತು. ಬಿಚ್ಚಿ ನೋಡಿದರೆ ಮುಂದಿನ ಬಲಚಕ್ರದಲ್ಲಿ ಸ್ಪಂಜು ಒಂದು ಕಡೆ ಬಿಟ್ಟುಕೊಂಡು ಬ್ಯಾಲೆನ್ಸ್ ಕೆಟ್ಟಿತ್ತು. ಬಿಸಿಗೆ ಮೆದುವಾಗದ ಎರಡು ಭಾಗದ ಅಂಟಿಗೆ ಬದಲಾಯಿಸಿ, ಒಣಗಲು ಪೂರ್ತಿ ಹೊತ್ತು ಕೊಟ್ಟು, ಮತ್ತೆ ಬ್ಯಾಲೆನ್ಸ್ ಮಾಡಿಸಿದ ಮೇಲೆ ನಿಂತಿತು.

ಪಂಚರ್ ವಿಷಯವನ್ನು ವರದಿಯಲ್ಲಿ ಬೇರೆಯಾಗಿಯೇ ಬರೆದೆ. ಈ ಕಾರು ಮುಂದೆ ಮಳವಳ್ಳಿಗೋ ನಾಗಮಂಗಲಕ್ಕೋ ಹೋದಾಗ ಮೊಳೆ ಚುಚ್ಚಿದರೆ ಸಿಗುವುದು ರಸ್ತೆ ಬದಿಯ ಪಂಚರ್ ಅಂಗಡಿ. ಒಳಗಡೆಯಿಂದ ಪ್ಯಾಚ್ ಹಾಕಬೇಕಾದರೆ ಆ ಜಾಗದ ಸ್ಪಂಜನ್ನು ಚೌಕವಾಗಿ ಕತ್ತರಿಸಿ ತೆಗೆಯಬೇಕು. ಸೀಲಂಟ್ ದ್ರವ ಸುರಿದರೆ ಸ್ಪಂಜೇ ಅದನ್ನು ಕುಡಿದು ತೂತು ಮುಚ್ಚದೆ ಹೋಗಬಹುದು, ಚಕ್ರದ ಬ್ಯಾಲೆನ್ಸೂ ಕೆಡಬಹುದು. ಆದ್ದರಿಂದ ಕಾರಿನ ಡಿಕ್ಕಿಯಲ್ಲಿ ಸೀಲಂಟ್ ಡಬ್ಬಿಯ ಬದಲು ಸ್ಟೆಪ್ನಿ ಇಡಲೇಬೇಕು ಎಂಬುದು ನನ್ನ ಶಿಫಾರಸು. ಡಿಕ್ಕಿಯ ಜಾಗ ಹೋಗುತ್ತದೆಂದು ವಿನ್ಯಾಸದವರು ಒಪ್ಪುತ್ತಿಲ್ಲ. ನಾನೂ ಬಿಡುವವನಲ್ಲ.

ಸ್ಪಂಜಿನಿಂದ ಗುಡ್ಡದ ಬಹುಪಾಲು ಹೋಯಿತು, ಬುಡ ಉಳಿಯಿತು. ಅದಕ್ಕೆ ಕಾರಣ ಹಿಂದಿನ ಸಬ್‌ಫ್ರೇಮಿನ ಬುಷ್. 190ರ ಹತ್ತಿರ ಬುಷ್‌ನ ಕೆಳಗೂ ಮೇಲೂ ನಡುಕ ಹೆಚ್ಚುಕಡಿಮೆ ಸಮ, ಅಂದರೆ ಅದು ತಡೆಯುತ್ತಲೇ ಇಲ್ಲ. ಮುಂದಿನ ಸೀಟಿಗೆ ಕೇಳದ ಸದ್ದು ಹಿಂದಕ್ಕೆ ಬರುತ್ತಿದ್ದುದು ಇದೇ ದಾರಿಯಲ್ಲಿ. ಮೆದು ರಬ್ಬರಿನ ಬುಷ್ ಹಾಕಿದಾಗ ಬುಡವೂ ಕರಗಿತು. ಆದರೆ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಕಾರಿನ ಹಿಂಭಾಗ ಒಂದು ಕ್ಷಣ ತಡವಾಗಿ ತಿರುಗುತ್ತಿದೆ ಎಂದು ಡ್ರೈವರಣ್ಣ ಗುರುತಿಸಿದರು. ನಂದಿಯ ಹತ್ತಿರ ನಿಲ್ಲಿಸಿ ಅವರು ಕೈಯಾಡಿಸಿ ತೋರಿಸಿದ್ದು, ಅಳತೆಯಲ್ಲಿ ನೋಡಿದರೆ ಹಾಗೇ ಇತ್ತು. ಕೊನೆಗೆ ಮೇಲೆ-ಕೆಳಗೆ ಮೆದು, ಅಡ್ಡಕ್ಕೆ ಗಟ್ಟಿ ಇರುವಂತೆ ರಬ್ಬರಿನೊಳಗೆ ಸಂದು ಕೊಟ್ಟ ಬುಷ್ ಮಾಡಿಸಿ ಹಾಕಿದೆವು. ಬೆಟ್ಟವೂ ಒಪ್ಪಿತು, ಪಾಂಡವಪುರವೂ ಒಪ್ಪಿತು.

ಗುಂಯ್ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಕೇಳತೊಡಗಿದೆ. 80ರಲ್ಲಿ 2,150 ಹರ್ಟ್ಸ್ ಸುತ್ತಮುತ್ತ ಸಣ್ಣ ಕೀಂಯ್, ವೇಗ ಏರಿದಂತೆ ನೇರವಾಗಿ ಏರುತ್ತದೆ. ಮೋಟಾರಿನ 93 ಸುತ್ತಿಗೆ ಗೇರಿನ 23 ಹಲ್ಲು ಗುಣಿಸಿದರೆ ಅದೇ ಬರುತ್ತದೆ, ಅನುಮಾನಕ್ಕೆ ಎಡೆಯಿಲ್ಲ. 2020ರಲ್ಲಿ ಬಂದ ರೋಲ್ಸ್ ರಾಯ್ಸ್ ಘೋಸ್ಟನ್ನು ಅತಿಯಾಗಿ ನಿಶ್ಶಬ್ದ ಮಾಡಿದಾಗ ಕೂತವರಿಗೆ ತಲೆ ತಿರುಗಿದಂತಾಯಿತೆಂದು, ಅಲ್ಲಿನ ಎಂಜಿನಿಯರುಗಳು ಬಿಡಿಭಾಗಗಳ ಸದ್ದನ್ನು ಒಂದೇ ಮೆಲುಸ್ವರಕ್ಕೆ ಹೊಂದಿಸಿದರು. ನಮ್ಮ ಕೀಂಯ್ ಅಂಥ ಹಿತವಾದ ಸ್ವರವಲ್ಲ, ಅದನ್ನು ಉಳಿಸಿಕೊಳ್ಳುವ ಯೋಚನೆಯಿಲ್ಲ. ಹಲ್ಲಿನ ಮೇಲ್ಮೈಯನ್ನು ಮೈಕ್ರಾನ್ ಲೆಕ್ಕದಲ್ಲಿ ತಿದ್ದಬೇಕೋ, ಗೇರ್‌ಬಾಕ್ಸನ್ನು ಕಾರಿಗೆ ಕೂರಿಸುವ ಮೌಂಟಿನಲ್ಲೇ ತಡೆಯಬಹುದೋ ಎಂಬುದು ಅಳತೆಯಾದ ಮೇಲೆ ತಿಳಿಯುತ್ತದೆ. ಹಲ್ಲಿನ ನಕ್ಷೆ ತರಿಸಿಕೊಂಡಿದ್ದೇವೆ. ಕಾರು ಈಗ ಶೆಡ್ಡಿನ ಲಿಫ್ಟಿನ ಮೇಲಿದೆ. ಚಕ್ರಗಳಿಂದ ಬಿಚ್ಚಿದ ಅಕ್ಸೆಲೆರೋಮೀಟರುಗಳನ್ನು ಮೌಂಟುಗಳಿಗೆ ಅಂಟಿಸುವ ಕೆಲಸ ನಡೆದಿದೆ.